ಥಿಯೇಟರಿಗೆ ಹೋಗುದಾ, ಮನೆಲೇ ನೋಡುದಾ? ಡೊಂಬಿವ್ಲಿಯಿಂದ ಒಂದು ಲೆಕ್ಕಾಚಾರ

ಕಳೆದ ವಾರ ನಮ್ಮ ಮನೆಲಿ ಎರಡೂಕಾಲು ಗಂಟೆಯ ಒಂದು ಸಿನೆಮಾ ನೋಡಿ ಮುಗಿಸ್ಲಿಕ್ಕೆ ಮೂರು ದಿನ ಬೇಕಾಯ್ತು. ಶುಕ್ರವಾರ ರಾತ್ರಿ ಊಟ ಆದ್ಮೇಲೆ ಹಾಕಿದ್ದು, ಇಪ್ಪತ್ತು ನಿಮಿಷಕ್ಕೆ ಊರಿಂದ ದೊಡ್ಡಮ್ಮನ ಫೋನು, ಅಮ್ಮ ಸ್ಪೀಕರಲ್ಲಿ ಹಾಕಿ ಮಾತಾಡ್ಲಿಕ್ಕೆ ಶುರು ಮಾಡಿದ್ರು, ಸಿನೆಮಾ ನಿಂತಿತು. ಶನಿವಾರ ಮುಂದುವರಿಸುವ ಅಂದ್ರೆ ಮಗಳಿಗೆ ನಿದ್ದೆ, ನಂಗೆ ಆಫೀಸಿನ ಮೆಸೇಜು, ಹೆಂಡತಿ ಮರುದಿನದ ಇಡ್ಲಿಗೆ ಗ್ರೈಂಡರ್ ಹಾಕಿದ್ಲು, ಆ ಗರಗರಕ್ಕೆ ಡೈಲಾಗ್ ಎಂತದೂ ಕೇಳುದಿಲ್ಲ, ಪುನಃ ನಿಂತಿತು. ಭಾನುವಾರ ಮಧ್ಯಾಹ್ನ ಕ್ಲೈಮ್ಯಾಕ್ಸ್ ಬರುವಾಗ ಅಮ್ಮ ಕೇಳಿದ್ರು, "ಮಗಾ, ಇವ ಯಾರು, ಮೊದ್ಲಿದ್ದವನ ತಮ್ಮನಾ?" ಅವನೇ ಮಾರಾಯ್ರೆ ಹೀರೋ, ಗಡ್ಡ ಬೋಳಿಸಿದ್ದ ಅಷ್ಟೆ.

ಹಾಗಂತ ಥಿಯೇಟರೇ ಸೈ, ಮನೆ ಬೇಡ ಅಂತ ಹೇಳ್ಲಿಕ್ಕೆ ಹೊರಟದ್ದಲ್ಲ ನಾನು. ಮುಂಬೈ ಹತ್ರದ ಡೊಂಬಿವ್ಲಿ ಈಸ್ಟಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು, ಅಮ್ಮ ಕುಂದಾಪುರ ಕಡೆಯವರು, ಹೆಂಡತಿ ಮರಾಠಿಯವಳು, ಮಗಳಿಗೆ ಒಂಬತ್ತು ವರ್ಷ, ನಾಲ್ಕು ಜನಕ್ಕೆ ನಾಲ್ಕು ಟೇಸ್ಟು. ಇಂಥಾ ಮನೆಯವರು ಯಾವುದನ್ನ ಹೋಗಿ ನೋಡ್ಬೇಕು, ಯಾವುದನ್ನ ಕೂತಲ್ಲೇ ನೋಡ್ಬೇಕು ಅಂತ ಪೆಟ್ಟು ತಿಂದು ಕಲ್ತದ್ದನ್ನ ಬರೀತಿದ್ದೇನೆ. ಎಲ್ರೂ ಹೇಳುದು ಎಂತ ಅಂದ್ರೆ ಫೈಟು, ಗ್ರಾಫಿಕ್ಸು ಇರುವ ದೊಡ್ಡ ಸಿನೆಮಾ ಥಿಯೇಟರಲ್ಲಿ ನೋಡಿ, ಸಣ್ಣ ಕತೆಯ ಸಿನೆಮಾ ಒಟಿಟಿಗೆ ಬಂದ್ಮೇಲೆ ನೋಡಿ ಅಂತ. ನನ್ನ ಅನುಭವ ಪೂರಾ ಉಲ್ಟಾ. ಫೈಟಿನ ಸಿನೆಮಾ ತುಂಡು ತುಂಡು ಮಾಡಿ ನೋಡಿದ್ರೂ ನಷ್ಟ ಇಲ್ಲ, ಮಧ್ಯೆ ಹತ್ತು ನಿಮಿಷ ಎದ್ದು ಹೋಗಿ ಬಂದ್ರೂ ಅವ್ರು ಇನ್ನೂ ಹೊಡೆದಾಡ್ತಾನೇ ಇರ್ತಾರೆ. ನಿಧಾನದ ಸಿನೆಮಾ ಹಾಗಲ್ಲ. ಒಬ್ಬ ಹೆಂಗಸು ಅಡುಗೆಮನೆ ಕಿಟಕಿ ಹತ್ರ ಸುಮ್ಮನೆ ನಿಂತ ಒಂದು ನಿಮಿಷದ ಶಾಟು ಬಂತು ಅಂದ್ಕೊಳ್ಳಿ, ಮನೆಲಿ ಅಷ್ಟರೊಳಗೆ ಎಲ್ಲರ ಕೈಗೂ ಮೊಬೈಲ್ ಬಂದಿರ್ತದೆ. ಥಿಯೇಟರಲ್ಲಿ ಕತ್ತಲೆ, ಮೊಬೈಲ್ ತೆಗೆದ್ರೆ ಹಿಂದಿನವ ಬೈತಾನೆ, ದುಡ್ಡು ಬೇರೆ ಕೊಟ್ಟಾಗಿದೆ, ಹಾಗೆ ನೋಡ್ತೇವೆ, ನೋಡ್ತಾ ನೋಡ್ತಾ ಆ ಹೆಂಗಸು ಯಾಕೆ ನಿಂತಿದ್ಲು ಅಂತ ಗೊತ್ತಾಗ್ತದೆ. ಹಾಗಾಗಿ ನನ್ನ ರೂಲ್ ಇಷ್ಟೆ, ಮನೆಲಿ ಯಾವ ಸಿನೆಮಾವನ್ನ ಮಧ್ಯದಲ್ಲಿ ನಿಲ್ಲಿಸ್ತೀರಿ ಅಂತ ಅನ್ನಿಸ್ತದೋ ಅದಕ್ಕೇ ಟಿಕೆಟ್ ತೆಗೀರಿ.

ಖರ್ಚಿನ ವಿಷಯ ಮೊದ್ಲು ಮುಗಿಸಿಬಿಡುವ

ನಾವು ನಾಲ್ಕು ಜನ ಕಳೆದ ಸಲ ಹೋದಾಗ ಟಿಕೆಟ್ ತಲಾ 320, ಒಟ್ಟು 1280. ಬುಕಿಂಗ್ ಚಾರ್ಜು 140. ಪಾಪ್‌ಕಾರ್ನು, ಎರಡು ಕೂಲ್‌ಡ್ರಿಂಕು 720. ರಿಕ್ಷಾ, ಟ್ರೈನು ಎಲ್ಲ ಸೇರಿ 180. ಅಂದ್ರೆ 2320 ರೂಪಾಯಿ ಒಂದು ಸಂಜೆಗೆ. ಆ 320ರಲ್ಲಿ ಹತ್ರಹತ್ರ 49 ರೂಪಾಯಿ ಜಿಎಸ್‌ಟಿ, ಯಾಕಂದ್ರೆ 100 ರೂಪಾಯಿಗಿಂತ ಮೇಲಿನ ಟಿಕೆಟಿಗೆ 18 ಪರ್ಸೆಂಟು. 2025ರ ಸೆಪ್ಟೆಂಬರ್ 22ರಿಂದ ಇಳಿಸಿದ್ದು 100 ರೂಪಾಯಿ ಒಳಗಿನ ಟಿಕೆಟಿಗೆ ಮಾತ್ರ, ಅದು ಈಗ 5 ಪರ್ಸೆಂಟ್, ಮುಂಬೈ ಮಲ್ಟಿಪ್ಲೆಕ್ಸಲ್ಲಿ 100ರ ಒಳಗೆ ಟಿಕೆಟ್ ಹುಡುಕುದು ಅಂದ್ರೆ ಆಟಿ ತಿಂಗಳ ಜಡಿಮಳೆಲಿ ಬಿಸಿಲು ಹುಡುಕಿದ ಹಾಗೆ. ಕರ್ನಾಟಕದಲ್ಲಿ ಅದೇ ತಿಂಗಳು ತೆರಿಗೆ ಬಿಟ್ಟು 200ಕ್ಕಿಂತ ಜಾಸ್ತಿ ತೆಗೊಳ್ಬಾರ್ದು ಅಂತ ಸರ್ಕಾರ ರೂಲ್ ತಂದಾಗ ಊರಿನ ಭಾವ ಫೋನ್ ಮಾಡಿ ನಂಗೆ ತಮಾಷೆ ಮಾಡಿದ್ರು, ಆಮೇಲೆ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು, ನಾನು ವಾಪಸ್ ಫೋನ್ ಮಾಡ್ಲಿಲ್ಲ, ಪಾಪ.

ಈಗ ಮನೆ ಲೆಕ್ಕ. ನೆಟ್‌ಫ್ಲಿಕ್ಸ್ 499ರ ಪ್ಲಾನು ನಮ್ಮದು, ವರ್ಷಕ್ಕೆ 5988. ಪ್ರೈಮ್ ವರ್ಷಕ್ಕೆ 1499, ಅದ್ರಲ್ಲಿ 2025ರ ಜೂನಿಂದ ಸಿನೆಮಾ ಮಧ್ಯೆ ಜಾಹೀರಾತು ಬರ್ಲಿಕ್ಕೆ ಶುರುವಾಯ್ತು, ಬೇಡ ಅಂದ್ರೆ ಇನ್ನೊಂದು 699 ಕೊಡ್ಬೇಕು, ಕೊಟ್ಟೆ. ಒಟ್ಟು 8186. ಅಂದ್ರೆ ನಾಲ್ಕು ಜನ ಮೂರೂವರೆ ಸಲ ಥಿಯೇಟರಿಗೆ ಹೋಗಿ ಬಂದ ಖರ್ಚಲ್ಲಿ ವರ್ಷಪೂರ್ತಿ ಮನೆಲಿ ನೋಡ್ಬಹುದು. ಕಾಗದದ ಮೇಲೆ ಮನೆಯೇ ಗೆದ್ದಿತು, ಅದ್ರಲ್ಲಿ ವಾದ ಇಲ್ಲ. ಆದ್ರೆ ನಿಜವಾಗಿ ಮುಗಿಸಿದ ಸಿನೆಮಾ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ನಾನು ಹೋದ ವರ್ಷ ಹಾಕಿದೆ, ಶುರು ಮಾಡಿದ್ದು ನಲ್ವತ್ತರ ಹತ್ರ, ಕೊನೆವರೆಗೆ ನೋಡಿದ್ದು ಹದಿನೇಳು. ಉಳಿದ ಸಮಯ ಎಲ್ಲ ಎಂತ ನೋಡುದು ಎಂತ ನೋಡುದು ಅಂತ ರಿಮೋಟ್ ಒತ್ತಿದ್ದೇ.

ಪಾಪ್‌ಕಾರ್ನ್ ದುಡ್ಡು ಉಳಿಸುವ ಒಂದು ವಿಷಯ. 2023ರ ಜನವರಿಲಿ ಸುಪ್ರೀಂ ಕೋರ್ಟು ಹೇಳಿದ್ದು ಹೊರಗಿನ ತಿಂಡಿ ತರಬೇಡಿ ಅನ್ನುವ ಹಕ್ಕು ಥಿಯೇಟರಿನವರಿಗೆ ಉಂಟು, ಆದ್ರೆ ಕುಡಿಯುವ ನೀರು ಅವ್ರು ಫ್ರೀ ಕೊಡ್ಬೇಕು, ಸಣ್ಣ ಮಕ್ಕಳಿಗೆ ಬೇಕಾದ್ದನ್ನ ಅಪ್ಪ ಅಮ್ಮ ತರ್ಬಹುದು ಅಂತ. ಹಾಗಾಗಿ ನೀರಿನ ಬಾಟ್ಲಿಗೆ ದುಡ್ಡು ಕೊಡ್ಬೇಡಿ, ಕೇಳಿ. ನಾವು ಸ್ಟೇಷನ್ ಹತ್ರ ವಡಾಪಾವ್ ತಿಂದೇ ಒಳಗೆ ಹೋಗುದು.

ಕನ್ನಡ ಸಿನೆಮಾ ಆದ್ರೆ ಲೆಕ್ಕವೇ ಬೇರೆ

ಮುಂಬೈಲಿ ಇರುವ ನಮಗೆ ಇದೇ ದೊಡ್ಡ ಪಂಚಾತಿಕೆ. ಹಿಂದೆ ಮಾಟುಂಗಾದ ಅರೋರಾ ಅಂದ್ರೆ ದಕ್ಷಿಣದ ಸಿನೆಮಾ ಅಂತ ಇತ್ತು, ಈಗ ಎಲ್ಲ ಮಲ್ಟಿಪ್ಲೆಕ್ಸಿನ ದಯೆ. ದೊಡ್ಡ ಹೆಸ್ರಿನ ಸಿನೆಮಾ ಬಂದ್ರೆ ಹಿಂದಿ ಡಬ್ಬು ಎಲ್ಲ ಕಡೆ ಇರ್ತದೆ, ಕನ್ನಡದ್ದು ಎಲ್ಲೋ ಎರಡ್ಮೂರು ಮಾಲಲ್ಲಿ. ಸಣ್ಣ ಸಿನೆಮಾ ಬಂದ್ರಂತೂ ಇಡೀ ಮುಂಬೈಗೆ ಒಂದೋ ಎರಡೋ ಶೋ, ಅದೂ ರಾತ್ರಿ ಹತ್ತೂಮುಕ್ಕಾಲಿಗೆ, ಇಲ್ಲಾಂದ್ರೆ ಕೆಲಸದ ದಿನ ಮಧ್ಯಾಹ್ನ. ಎರಡನೇ ವಾರಕ್ಕೆ ನೋಡುವ ಅಂತ ಕೂತ್ರೆ ಸಿನೆಮಾವೇ ಇರುದಿಲ್ಲ. ಆ ಕಾರಣಕ್ಕೇ ನಾನು ಹೇಳುದು, ವರ್ಷಕ್ಕೆ ನಾಲ್ಕು ಸಲ ಥಿಯೇಟರಿಗೆ ದುಡ್ಡು ಇಟ್ಟಿದ್ರೆ ಮೂರು ಸಲ ಅದನ್ನ ಕನ್ನಡಕ್ಕೆ ಹಾಕಿ, ಮೊದಲ ಮೂರು ದಿನದೊಳಗೇ ಹೋಗಿ. ಹಿಂದಿಯವು ಹೇಗೂ ಥಿಯೇಟರಲ್ಲೇ ಸ್ವಲ್ಪ ದಿನ ಕಾಯ್ತವೆ. ದೊಡ್ಡ ಮಲ್ಟಿಪ್ಲೆಕ್ಸ್ ಚೈನಿನವರು ಹಿಂದಿ ಸಿನೆಮಾ ಒಟಿಟಿಗೆ ಹೋಗ್ಲಿಕ್ಕೆ 8 ವಾರ ಬಿಡ್ಬೇಕು ಅಂತ ಹಠ ಹಿಡಿದಿದ್ದಾರೆ, ದಕ್ಷಿಣದವು ಸುಮಾರು ಸಲ ನಾಲ್ಕೇ ವಾರಕ್ಕೆ ಬಂದುಬಿಡ್ತವೆ. 2023ರಲ್ಲಿ ವಿಜಯ್ ಅವರ ತಮಿಳು ಲಿಯೋದ ಹಿಂದಿ ಡಬ್ಬು ಇಲ್ಲಿಯ ದೊಡ್ಡ ಚೈನುಗಳಲ್ಲಿ ಬರದೇ ಇದ್ದದ್ದು ಇದೇ ಜಗಳಕ್ಕೆ.

"ಒಟಿಟಿಗೆ ಬರ್ತದೆ ಬಿಡಿ" ಅಂತ ನಮ್ಮ ಬಿಲ್ಡಿಂಗಿನ ಶೆಟ್ರು ಪ್ರತಿ ಸಲ ಹೇಳ್ತಾರೆ. ಬರ್ತದೆ ಅಂತ ಗ್ಯಾರಂಟಿ ಉಂಟಾ? ಕನ್ನಡವನ್ನ ತೆಗೊಳ್ಲಿಕ್ಕೆ ಒಟಿಟಿಯವ್ರು ಹಿಂದೆ ಮುಂದೆ ನೋಡ್ತಾರೆ. ನಮ್ಮ ಉಡುಪಿಯ ರಕ್ಷಿತ್ ಶೆಟ್ಟಿಯಂಥವರೇ ಏಕಂ ಅಂತ ಒಂದು ಸೀರೀಸ್ ಮಾಡಿ, ಯಾವ ಪ್ಲಾಟ್‌ಫಾರ್ಮೂ ಸಿಗದೆ, 2024ರ ಜುಲೈಲಿ ತಮ್ಮದೇ ವೆಬ್‌ಸೈಟ್ ಮಾಡಿ ಅದ್ರಲ್ಲಿ ಬಿಟ್ರು. ಅವರಿಗೇ ಹಾಗಾದ್ರೆ ಹೊಸಬರ ಸಿನೆಮಾ ಯಾವಾಗ ಬರುದು, ಬಂದ್ರೂ ಯಾವ ಮೂಲೆಲಿ ಇರ್ತದೆ, ನೀವೇ ಯೋಚನೆ ಮಾಡಿ.

ಬುಕ್ ಮಾಡುವಾಗ ಭಾಷೆ ನೋಡಿ, ಎರಡು ಸಲ ನೋಡಿ. ನಾನೊಂದು ಸಲ ಹೆಸ್ರು ನೋಡಿದ ಕೂಡ್ಲೇ ಗಡಿಬಿಡಿಲಿ ನಾಲ್ಕು ಸೀಟು ತೆಗೆದೆ, ಒಳಗೆ ಹೋಗಿ ಕೂತು ಸಿನೆಮಾ ಶುರುವಾದ್ರೆ ನಮ್ಮ ಊರಿನ ಗುತ್ತಿನ ಮನೆಯವರು, ಅಂದ್ರೆ ದೊಡ್ಡ ಮನೆತನದವರು, ಎಲ್ಲ ಹಿಂದಿಲಿ ಮಾತಾಡ್ತಿದ್ದಾರೆ! ಅಮ್ಮ ಇಂಟರ್ವಲ್ಲಿನವರೆಗೆ ನನ್ನ ಮುಖ ನೋಡ್ಲಿಲ್ಲ. ಇನ್ನೊಂದು, ಶುಕ್ರವಾರದ ಶೋಗಳ ಟೈಮಿಂಗು ಬುಧವಾರ, ಗುರುವಾರ ರಾತ್ರಿವರೆಗೂ ಪೂರ್ತಿ ಬರುದಿಲ್ಲ, ಅದಕ್ಕೆ ಗುರುವಾರ ರಾತ್ರಿ ಒಮ್ಮೆ ನೋಡಿ. ಇಲ್ಲಿ ಬರುವ ಕನ್ನಡ ಪ್ರಿಂಟುಗಳಿಗೆ ಹೆಚ್ಚಾಗಿ ಇಂಗ್ಲಿಷ್ ಸಬ್‌ಟೈಟ್ಲು ಇರ್ತದೆ, ನನ್ನ ಹೆಂಡತಿಗೆ ಅದೇ ಆಧಾರ. ಊರಿನ ಸಂಘದವರ ವಾಟ್ಸ್ಯಾಪ್ ಗುಂಪಲ್ಲಿ ಇದ್ರೆ ಇನ್ನೂ ಒಳ್ಳೇದು, ನೂರು ಜನ ಆದ್ರೆ ಒಂದು ಇಡೀ ಶೋ ಬುಕ್ ಮಾಡ್ತಾರೆ, ಭಾನುವಾರ ಬೆಳಗ್ಗೆ. ಹೆಂಗಸರು ಮಲ್ಲಿಗೆ ಮುಡ್ಕೊಂಡು ಬರ್ತಾರೆ, ಮಳೆಗಾಲದಲ್ಲಿ ಯಕ್ಷಗಾನ ಮೇಳ ಬಂದಾಗ ಆಟಕ್ಕೆ ಬಂದ ಹಾಗೆಯೇ, ಗಮ್ಮತ್ತು. ಬರೀ ರೈಲ್ವೆಯವರ ರಿಪೇರಿಯ ಮೆಗಾ ಬ್ಲಾಕ್ ಇಲ್ಲ ತಾನೇ ಅಂತ ನೋಡ್ಕೊಳ್ಳಿ, ಸೆಂಟ್ರಲ್ ಲೈನಲ್ಲಿ ಭಾನುವಾರ ಫಾಸ್ಟ್ ಟ್ರೈನನ್ನ ಸ್ಲೋ ಟ್ರ್ಯಾಕಿಗೆ ಹಾಕಿದ್ರೆ ಸಿನೆಮಾದ ಟೈಟಲ್ಲು ನಿಮಗಿಲ್ಲ.

ಕಾಂತಾರದ ಕತೆ ಹೇಳ್ಲೇಬೇಕು. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು, ಹಿಂದಿ ಡಬ್ಬು ಬಂದದ್ದು ಅಕ್ಟೋಬರ್ 14ಕ್ಕೆ. ನಾವು ಆ ಎರಡು ವಾರದ ಮಧ್ಯೆ ಕನ್ನಡದಲ್ಲೇ ನೋಡಿದ್ವಿ. ಕೊನೆಲಿ ಆ ಕೂಗು ಬರುವಾಗ ಇಡೀ ಹಾಲಲ್ಲಿ ಒಬ್ಬ ಉಸಿರು ಬಿಡ್ಲಿಲ್ಲ, ಅಮ್ಮ ಸೀಟಲ್ಲೇ ಚಪ್ಪಲಿ ತೆಗೆದು ಕೈ ಮುಗಿದ್ರು. ನವೆಂಬರ್ 24ಕ್ಕೆ ಪ್ರೈಮಿಗೆ ಬಂದಾಗ ಪುನಃ ನೋಡುವ ಅಂತ ಹಾಕಿದ್ವಿ, ರಾತ್ರಿ ಹನ್ನೊಂದು ಗಂಟೆ, ಪಕ್ಕದ ಮನೆಲಿ ಮಗು ಮಲಗಿತ್ತು, ವಾಲ್ಯೂಮ್ 14. ಹದಿನಾಲ್ಕರ ವಾಲ್ಯೂಮಲ್ಲಿ ದೈವ ಕೂಗಿದ್ರೆ ಎಂತ ಆಗ್ತದೆ ಹೇಳಿ! ಅದಲ್ಲದೆ ಹಾಡೂ ಬೇರೆ ಕೇಳ್ತಾ ಇತ್ತು, ನಂಗೆ ಮೊದ್ಲು ಟಿವಿ ಹಾಳಾಯ್ತಾ ಅನ್ನಿಸ್ತು. ವರಾಹ ರೂಪಂ ಹಾಡಿನ ಮೇಲೆ ಕೇರಳದ ಬ್ಯಾಂಡಿನವರು ಕಾಪಿರೈಟ್ ಕೇಸು ಹಾಕಿದ್ದಕ್ಕೆ ಒಟಿಟಿಗೆ ಬರುವಾಗ ಬೇರೆ ಟ್ಯೂನ್ ಹಾಕಿದ್ರು, ಆಮೇಲೆ ಹಳೇದು ವಾಪಸ್ ಬಂತು. ಅಂದ್ರೆ ಮನೆಗೆ ಬರುವ ಸಿನೆಮಾ ಥಿಯೇಟರಲ್ಲಿ ಓಡಿದ್ದೇ ಆಗಿರ್ಬೇಕು ಅಂತಿಲ್ಲ. ಮತ್ತೆ ಇದೇ ಸಿನೆಮಾದ ಹಿಂದಿ ಅವತರಣಿಕೆ ಬಂದದ್ದು ಡಿಸೆಂಬರಲ್ಲಿ ನೆಟ್‌ಫ್ಲಿಕ್ಸಿಗೆ. ಕನ್ನಡ ಒಂದು ಕಡೆ, ಹಿಂದಿ ಇನ್ನೊಂದು ಕಡೆ. ಇದು ಗೊತ್ತಿಲ್ಲದೆ ನಮ್ಮ ಅತ್ತಿಗೆ ನೆಟ್‌ಫ್ಲಿಕ್ಸಲ್ಲಿ ಹಾಕಿ "ಕನ್ನಡವೇ ಕೊಟ್ಟಿಲ್ಲ ನೋಡಿ" ಅಂತ ಇಡೀ ದಿನ ಬೈದ್ರು.

ಮನೆಲಿ ನೋಡುದಾದ್ರೆ ಸರಿಯಾಗಿ ನೋಡಿ

ಮುಂಬೈ ಮನೆಯ ಹಾಲ್ ಸಣ್ಣದು ಅಂತ ಬೇಜಾರು ಮಾಡ್ಬೇಡಿ, ಸಿನೆಮಾಕ್ಕೆ ಅದು ಒಳ್ಳೇದೇ. 55 ಇಂಚಿನ ಟಿವಿಯ ಅಗಲ ಅಂದಾಜು 122 ಸೆಂಟಿಮೀಟರು, ಅದನ್ನ ಎರಡು ಮೀಟರ್ ದೂರದಿಂದ ನೋಡಿದ್ರೆ ಕಣ್ಣಿನಲ್ಲಿ ಸುಮಾರು 34 ಡಿಗ್ರಿ ಜಾಗ ತುಂಬ್ತದೆ, ಥಿಯೇಟರಲ್ಲಿ ಹಿಂದಿನ ಸಾಲಲ್ಲಿ ಕೂತವರಿಗೂ ಹೆಚ್ಚು ಕಡಿಮೆ ಅಷ್ಟೇ ಸಿಗುದು. ನಮ್ಮ ಸೋಫಾ ಮತ್ತು ಟಿವಿ ಮಧ್ಯೆ ಸರೀ ಎರಡು ಮೀಟರು, ಅದಕ್ಕಿಂತ ಜಾಸ್ತಿ ಜಾಗ ಇದ್ರಲ್ವಾ. ಊರಿನ ದೊಡ್ಡ ಚಾವಡಿಲಿ ಇದೇ ಟಿವಿ ಇಟ್ರೆ ಮೊಬೈಲ್ ನೋಡಿದ ಹಾಗೆ ಆಗ್ತದೆ. ಒಂದು ಕೊರತೆ ಎಂತ ಅಂದ್ರೆ ಸ್ಕೋಪಲ್ಲಿ ತೆಗೆದ ಅಗಲದ ಸಿನೆಮಾಗಳಿಗೆ ಟಿವಿಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬರ್ತದೆ, ಟಿವಿಯ ಕಾಲು ಭಾಗ ಹಾಗೇ ಖಾಲಿ.

ಹೊಸ ಟಿವಿ ತಂದ ಕೂಡ್ಲೇ ಮಾಡ್ಬೇಕಾದ ಕೆಲಸ, ಮೋಷನ್ ಸ್ಮೂತಿಂಗ್ ಆಫ್ ಮಾಡುದು. ಸಿನೆಮಾ ಸೆಕೆಂಡಿಗೆ 24 ಫ್ರೇಮು, ಟಿವಿ ತನ್ನ ಬುದ್ಧಿವಂತಿಕೆ ತೋರಿಸ್ಲಿಕ್ಕೆ ಮಧ್ಯೆ ಮಧ್ಯೆ ಇಲ್ಲದ ಫ್ರೇಮು ಹುಟ್ಟಿಸಿ ಸೇರಿಸ್ತದೆ, ಆಗ ಎಂಥಾ ಸಿನೆಮಾವೂ ಸಂಜೆ ಏಳು ಗಂಟೆಯ ಸೀರಿಯಲ್ ಹಾಗೆ ಕಾಣ್ತದೆ. ಸೋನಿಲಿ ಮೋಷನ್‌ಫ್ಲೋ, ಎಲ್‌ಜಿಲಿ ಟ್ರೂಮೋಷನ್, ಸ್ಯಾಮ್ಸಂಗಲ್ಲಿ ಆಟೋ ಮೋಷನ್ ಪ್ಲಸ್ ಅಂತ ಹೆಸ್ರು. ಫಿಲ್ಮ್‌ಮೇಕರ್ ಮೋಡ್ ಅಂತ ಇದ್ರೆ ಅದನ್ನೇ ಹಾಕಿ, ಬೇರೆ ತಲೆಬಿಸಿ ಇಲ್ಲ.

ಡೈಲಾಗ್ ಕೇಳುದಿಲ್ಲ, ಫೈಟ್ ಬಂದ್ರೆ ಕಿವಿ ಹೊಟ್ಟುತ್ತದೆ ಅನ್ನುವ ದೂರು ಎಲ್ಲರ ಮನೆಲೂ ಉಂಟು. ಕಾರಣ ಸುಲಭ, ಆರು ಸ್ಪೀಕರಿಗೆ ಅಂತ ಮಾಡಿದ 5.1 ಸೌಂಡಲ್ಲಿ ಮಾತು ಹೆಚ್ಚಾಗಿ ಮಧ್ಯದ ಸ್ಪೀಕರಿಗೆ ಅಂತಲೇ ಇಡುದು, ನಮ್ಮ ಟಿವಿಲಿ ಇರುದು ಎರಡೇ ಸ್ಪೀಕರು, ಅವೂ ನೆಲ ನೋಡ್ಕೊಂಡು ಇರ್ತವೆ. ಬೇರೆ ಸ್ಪೀಕರ್ ಇಲ್ಲದಿದ್ರೆ ಆ್ಯಪಿನ ಆಡಿಯೋ ಲಿಸ್ಟಲ್ಲಿ 5.1 ಅಂತ ಬರೆಯದೇ ಇರುವ ಟ್ರ್ಯಾಕ್ ಆರಿಸಿ, ಅರ್ಧ ಸಮಸ್ಯೆ ಅಲ್ಲೇ ಹೋಯ್ತು. ಸೌಂಡ್‌ಬಾರ್ ತೆಗೊಳ್ಳುದಾದ್ರೆ ಮಧ್ಯದ ಚಾನೆಲ್ ಬೇರೆ ಇರುವಂಥದ್ದು ತೆಗೊಳ್ಳಿ, ಗುಂ ಗುಂ ಅನ್ನುವ ಜೋರು ಬೂಫರಿಗೆ ದುಡ್ಡು ಹಾಕ್ಬೇಡಿ, ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟುದು ಬೂಫರಿಗೇ. ಸುತ್ತಲಿಂದ, ತಲೆ ಮೇಲಿಂದಲೂ ಸೌಂಡ್ ಬರುವ ಥಿಯೇಟರಿನ ಅಟ್ಮಾಸ್ ಮನೆಲಿ ಬರ್ತದೆ ಅಂತ ಅಂಗಡಿಯವ ಹೇಳಿದ್ರೆ ತಲೆ ಆಡಿಸಿ, ನಂಬ್ಬೇಡಿ. ನೆಟ್ ಸ್ಪೀಡು 4ಕೆಗೆ 15 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸಿನವರೇ ಹೇಳ್ತಾರೆ, ಆದ್ರೆ 4ಕೆ ಸಿಗುದು 649ರ ಪ್ಲಾನಲ್ಲಿ ಮಾತ್ರ, 199ರದ್ದು ತೆಗೊಂಡು 55 ಇಂಚಲ್ಲಿ ನೋಡಿದ್ರೆ ಹೀರೋಯಿನ್ನು ಮಂಜಲ್ಲಿ ನಿಂತ ಹಾಗೆ.

ಯಾರ ಜೊತೆ ಅನ್ನುದೂ ಮುಖ್ಯ

ಅಮ್ಮನಿಗೆ ಎಪ್ಪತ್ತೊಂದು, ಮಂಡಿನೋವು. ಅವ್ರ ಜೊತೆ ಹೋಗುದಾದ್ರೆ ಲೈಟ್ ಆರುವ ಮೊದ್ಲೇ ಒಳಗೆ ಇರ್ಬೇಕು, ಕತ್ತಲೆಲಿ ಆ ಮೆಟ್ಟಿಲು ಹತ್ತುದು ಬೇಡ. ಸೀಟು ನಡುವಿನ ದಾರಿಯ ಪಕ್ಕದ್ದು, ಬಾಗಿಲು ಹತ್ರದ ಸಾಲು. ನಾನೊಬ್ಬನೇ ಆದ್ರೆ ಸ್ಕ್ರೀನಿಂದ ಮೂರರಲ್ಲಿ ಎರಡು ಭಾಗ ಹಿಂದೆ, ಸರೀ ನಡು. ಎಸಿಗೆ ಒಂದು ಶಾಲು, ಇದನ್ನ ಮರೆತ್ರೆ ಇಂಟರ್ವಲ್ ಆದ್ಮೇಲೆ ಸಿನೆಮಾ ನೋಡುದಿಲ್ಲ, ನಡುಗುದೇ. ಇಲ್ಲಿ ಸಿನೆಮಾದ ಮೊದ್ಲು ರಾಷ್ಟ್ರಗೀತೆ ಹಾಕ್ತಾರೆ, ಮಹಾರಾಷ್ಟ್ರದಲ್ಲಿ 2003ರಿಂದ ಉಂಟು ಇದು, ಊರಿಂದ ಬಂದ ಭಾವ ಪಾಪ್‌ಕಾರ್ನ್ ತೊಡೆ ಮೇಲಿಟ್ಟು ಕಾಲು ಚಾಚಿದ್ರು, ಒಮ್ಮೆಲೇ ಎದ್ದು ಅರ್ಧ ಪಾಪ್‌ಕಾರ್ನ್ ಮುಂದಿನವನ ತಲೆಗೆ.

ಸಣ್ಣ ಮಕ್ಕಳಿದ್ರೆ ಸಿನೆಮಾದ ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ಈಗ ಯುಎ ಅಂತ ಒಂದೇ ಅಲ್ಲ, 7, 13, 16 ಅಂತ ವಯಸ್ಸಿನ ಪ್ರಕಾರ ಮೂರು ಮಾಡಿದ್ದಾರೆ. ಎ ಇದ್ರೆ ಅಪ್ಪ ಅಮ್ಮ ಜೊತೆಗಿದ್ರೂ ಬಿಡುದಿಲ್ಲ. ಮಕ್ಕಳ ಸಿನೆಮಾ, ಒಮ್ಮೆ ನೋಡಿದ್ದನ್ನೇ ಹತ್ತು ಸಲ ನೋಡುವಂಥದ್ದು, ಅದೆಲ್ಲ ಮನೆಗೇ ಸರಿ.

ಕಾಮಿಡಿ ಮಾತ್ರ ಜನ ತುಂಬಿದ ಹಾಲಲ್ಲಿ. ಮನೆಲಿ ನಂಗೆ ಮುಗುಳ್ನಗೆ ಬಂದ ಜೋಕಿಗೆ ಅಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇನೆ, ಪಕ್ಕದವನ ನಗುವಿಗೆ ನನ್ನ ನಗು. ಮುಂಬೈ ಸೆಂಟ್ರಲ್ ಹತ್ರ ಮರಾಠಾ ಮಂದಿರದಲ್ಲಿ ಶಾರುಖ್, ಕಾಜೋಲರ ಒಂದೇ ಸಿನೆಮಾ 1995ರ ಅಕ್ಟೋಬರಿಂದ ಓಡ್ತಾ ಉಂಟಲ್ವಾ, ಕೊರೊನಾದ ಬಂದ್ ಬಿಟ್ರೆ. ಟಿವಿಲಿ ನೂರು ಸಲ ಬಂದಾಯ್ತು, ಮೊಬೈಲಲ್ಲೂ ಸಿಗ್ತದೆ, ಆದ್ರೂ ಹೋಗ್ತಾರೆ. ನಾನೂ ಒಂದು ಮಳೆಯ ಮಂಗಳವಾರ ಹೋಗಿದ್ದೆ, ಟ್ರೈನು ನಿಂತು ಆಫೀಸಿಗೆ ತಲುಪುದು ಸಾಧ್ಯ ಇರ್ಲಿಲ್ಲ. ನನ್ನ ಮುಂದಿನ ಸಾಲಲ್ಲಿ ಒಬ್ರು ವಯಸ್ಸಾದವರು ಪ್ರತಿ ಡೈಲಾಗನ್ನೂ ಹೀರೋಗಿಂತ ಒಂದು ಸೆಕೆಂಡ್ ಮೊದ್ಲೇ ಹೇಳ್ತಿದ್ರು, ಯಾರೂ ಸುಮ್ಮನಿರಿ ಅಂತ ಹೇಳ್ಲಿಲ್ಲ.

ಈ ಶುಕ್ರವಾರ ಒಂದು ಕನ್ನಡ ಸಿನೆಮಾ ಉಂಟು, ಹೊಸಬರದ್ದು, ಫೈಟಿಲ್ಲ, ಟ್ರೇಲರಲ್ಲೂ ಜನ ಹೆಚ್ಚು ಮಾತಾಡುದಿಲ್ಲ, ನಮ್ಮ ಮನೆಲಿ ಹಾಕಿದ್ರೆ ಖಂಡಿತ ಹದಿನೈದನೇ ನಿಮಿಷಕ್ಕೆ ನಿಲ್ತದೆ. ಮುಲುಂಡಲ್ಲಿ ಒಂದೇ ಶೋ ಕಾಣ್ತಾ ಉಂಟು, ರಾತ್ರಿ 10:40. ಮುಗಿಯುವಾಗ ಒಂದು ಗಂಟೆ ಆಗ್ತದೆ, ಲೋಕಲ್ ಸಿಕ್ಕುದು ಡೌಟು, ರಿಕ್ಷಾದವ ಎಷ್ಟು ಕೇಳ್ತಾನೋ. ಅಮ್ಮ ಶಾಲು ತೆಗೆದು ಕುರ್ಚಿ ಮೇಲೆ ಇಟ್ಟಾಗಿದೆ. ನಾನು ಇನ್ನೂ ಬುಕ್ ಮಾಡ್ಲಿಲ್ಲ, ಶನಿವಾರ ಹಗಲಿಗೆ ಒಂದು ಶೋ ಹಾಕ್ತಾರಾ ಅಂತ ಅರ್ಧ ಗಂಟೆಗೊಮ್ಮೆ ಆ್ಯಪ್ ತೆಗೆದು ನೋಡ್ತಾ ಇದ್ದೇನೆ.